ಬಾಡಿಗೆ ರೋಟವೇಟರ್ ಟ್ರ್ಯಾಕ್ಟರಿಗೆ ಕಟ್ಟುವ ಮುಂಚೆ ಏನೇನು ನೋಡಬೇಕು?

ಶಿರಾ_ಹೊಲ
ಎಲ್ಲರಿಗೂ ನಮಸ್ಕಾರ. ನಮ್ಮ ಕಡೆ ಭರಣಿ ಮಳೆ ಚೆನ್ನಾಗಿ ಬಿದ್ದಿದೆ. ಹದ ಆರುವುದರೊಳಗೆ ನಾಲ್ಕು ಎಕರೆಗೆ ರೋಟವೇಟರ್ ಹೊಡೆದು ಮಣ್ಣು ಪುಡಿ ಮಾಡಬೇಕು. ಟ್ರ್ಯಾಕ್ಟರ್ ನಮ್ಮದೇ, 45 ಎಚ್‌ಪಿ. ಕಲ್ಟಿವೇಟರ್, ಟ್ರೇಲರ್ ಕೂಡ ಇವೆ. ರೋಟವೇಟರ್ ಮಾತ್ರ ಪಕ್ಕದ ಊರಿನ ಒಬ್ಬರಿಂದ ಬಾಡಿಗೆಗೆ ತರುತ್ತಿದ್ದೇನೆ, 6 ಅಡಿಯದ್ದು.

ನಿನ್ನೆ ಹೋಗಿ ನೋಡಿದೆ. ಹೋದ ಹಂಗಾಮು ಮುಗಿದ ಮೇಲೆ ಹುಣಸೆ ಮರದ ಕೆಳಗೆ ನಿಲ್ಲಿಸಿದ್ದು ಹಾಗೇ ಇದೆ. ಟ್ರ್ಯಾಕ್ಟರಿನಿಂದ ರೋಟವೇಟರ್ ತಿರುಗಿಸುವ ಶಾಫ್ಟಿನ ಪ್ಲಾಸ್ಟಿಕ್ ಕವರ್ ಅರ್ಧ ಒಡೆದು ಹೋಗಿದೆ. ಟ್ರ್ಯಾಕ್ಟರಿಗೆ ಕಟ್ಟುವ ಜಾಗದಲ್ಲಿ ಒಂದು ಕಡೆ ಲಾಕ್ ಪಿನ್ ಇಲ್ಲ, ಅದರ ಬದಲು ಮೊಳೆ ಬಗ್ಗಿಸಿ ಹಾಕಿದ್ದಾರೆ. ಬ್ಲೇಡ್ ಇರುವ ರೋಟರಿನ ಎರಡೂ ತುದಿಗೆ ಹಳೇ ಸೀರೆ, ಡ್ರಿಪ್ ಪೈಪು ಸುತ್ತಿಕೊಂಡಿದೆ. ಶಾಫ್ಟ್ ಬೇರೆ ಟ್ರ್ಯಾಕ್ಟರಿನದು. "ಎಲ್ಲದಕ್ಕೂ ಆಗುತ್ತೆ, ತಗೊಂಡು ಹೋಗಿ" ಅಂತಾರೆ ಯಜಮಾನರು. ನಮ್ಮ ಡ್ರೈವರ್ ಕೂಡ "ಇದನ್ನೆಲ್ಲ ನೋಡ್ತಾ ಕೂತರೆ ಹದ ಹೋಗುತ್ತೆ" ಅಂತಾನೆ.

ನನಗೆ ಧೈರ್ಯ ಬರುತ್ತಿಲ್ಲ. ಕಟ್ಟುವ ಮುಂಚೆ ಏನೇನು ನೋಡಬೇಕು, ಯಾವುದನ್ನು ಮೊದಲು ನೋಡಬೇಕು? ಹೊಲದಲ್ಲಿ ಏನಾದರೂ ಮುರಿದರೆ ಖರ್ಚು ಯಾರದ್ದು? ತಿಳಿದವರು ಹೇಳಿ.

ಕೆಂಪುಮಣ್ಣು
ಮೊಳೆ ತೆಗೆದು ಪಿನ್ ಹಾಕಿ, ಗ್ರೀಸ್ ಹೊಡೆಯಿರಿ, ಕೆಲಸ ಶುರು ಮಾಡಿ. ಅಷ್ಟೇ.

ಗ್ರೀಸ್‌ಗನ್
ಅಷ್ಟೇ ಅಲ್ಲ ಕೆಂಪುಮಣ್ಣು ಅವರೇ. ದಾವಣಗೆರೆ ಹತ್ತಿರ ನನ್ನದು ಇದೇ ರಿಪೇರಿ ಅಂಗಡಿ. ಮುಂಗಾರು ಶುರುವಾದ ಮೇಲೆ ಬರುವ ರೋಟವೇಟರ್‌ಗಳಲ್ಲಿ ಗೇರ್ ಬಾಕ್ಸ್ ಮುಂಭಾಗ ಸೀಳಿದ್ದು, ಪಿಟಿಒ (ಟ್ರ್ಯಾಕ್ಟರ್ ಹಿಂದೆ ಶಾಫ್ಟ್ ತಿರುಗಿಸುವ ತುದಿ) ಬೇರಿಂಗ್ ಹೋದದ್ದು ಜಾಸ್ತಿ. ಬಹಳಷ್ಟಕ್ಕೆ ಕಾರಣ ಶಾಫ್ಟ್ ಉದ್ದ.

ಶಿರಾ ಅಣ್ಣಾ, "ಬೇರೆ ಟ್ರ್ಯಾಕ್ಟರಿನ ಶಾಫ್ಟ್" ಅಂದ್ರಲ್ಲ, ಮೊದಲು ನೋಡಬೇಕಾದದ್ದು ಅದೇ. ಶಾಫ್ಟ್ ಅಂದರೆ ಒಂದರೊಳಗೊಂದು ಜಾರುವ ಎರಡು ಕೊಳವೆ. ಟ್ರ್ಯಾಕ್ಟರಿಗೂ ರೋಟವೇಟರಿಗೂ ನಡುವಿನ ಅಂತರ ಎತ್ತಿದಾಗ ಒಂದು, ಇಳಿಸಿದಾಗ ಒಂದು. ಶಾಫ್ಟ್ ಉದ್ದ ಜಾಸ್ತಿ ಇದ್ದರೆ, ಅಂತರ ಕಡಿಮೆಯಾದಾಗ ಒಳಗಿನ ಕೊಳವೆ ಹೋಗಿ ತುದಿಗೆ ಕೂರುತ್ತೆ. ಮುಂದೆ ಜಾರಲು ಜಾಗ ಇರುವುದಿಲ್ಲ. ಆಗ ಆ ಒತ್ತಡವೆಲ್ಲ ಟ್ರ್ಯಾಕ್ಟರಿನ ಹಿಂಭಾಗದ ಮೇಲೆ, ಇಲ್ಲವೇ ಗೇರ್ ಬಾಕ್ಸ್ ಮೇಲೆ. ಶಾಫ್ಟ್ ಗಿಡ್ಡ ಇದ್ದರೆ ಅದಕ್ಕಿಂತ ಕೆಟ್ಟದ್ದು. ತಿರುಗುತ್ತಿರುವಾಗಲೇ ಎರಡೂ ಕಳಚಿಕೊಳ್ಳುತ್ತವೆ. ಟ್ರ್ಯಾಕ್ಟರ್ ಕಡೆಯ ತುಂಡು ಸುತ್ತಲೂ ಬೀಸುತ್ತಾ ಇರುತ್ತೆ, ಡ್ರೈವರ್ ಸೀಟ್ ಅದರ ಮುಂದೆಯೇ ಇದೆ.

ನೋಡುವ ಬಗೆ ಹೀಗೆ. ಶಾಫ್ಟ್ ಇಲ್ಲದೆ ರೋಟವೇಟರ್ ಅನ್ನು ಟ್ರ್ಯಾಕ್ಟರ್ ಹಿಂದಿನ ತೋಳುಗಳಾದ ಎರಡು ಲೋಯರ್ ಲಿಂಕ್, ಟಾಪ್ ಲಿಂಕ್‌ಗೆ ಮಾತ್ರ ಕಟ್ಟಿ. ಪಿಟಿಒ ಲಿವರ್ ನ್ಯೂಟ್ರಲ್‌ನಲ್ಲಿರಲಿ. ಹಿಂದೆ ಯಾರೂ ನಿಲ್ಲಬಾರದು. ನಿಧಾನಕ್ಕೆ ಎತ್ತಿ ಇಳಿಸಿ, ಶಾಫ್ಟ್ ಕೂರುವ ಎರಡು ಸ್ಪ್ಲೈನ್ (ಹಲ್ಲಿರುವ) ತುದಿಗಳು ಎಲ್ಲಿ ಅತಿ ಹತ್ತಿರ ಬರುತ್ತವೆ ನೋಡಿಕೊಳ್ಳಿ. ಆ ಎತ್ತರದಲ್ಲಿ ಕೆಳಗೆ ಮರದ ದಿಮ್ಮಿ ಕೊಟ್ಟು, ಅದರ ಮೇಲೆ ಕೂರಿಸಿ, ಇಂಜಿನ್ ಆಫ್ ಮಾಡಿ, ಕೀ ಜೇಬಿಗೆ ಹಾಕಿಕೊಳ್ಳಿ. ಈಗ ಶಾಫ್ಟನ್ನು ಎರಡು ತುಂಡು ಮಾಡಿ. ಒಂದನ್ನು ಟ್ರ್ಯಾಕ್ಟರಿಗೆ, ಇನ್ನೊಂದನ್ನು ರೋಟವೇಟರಿಗೆ ಹಾಕಿ ಪಕ್ಕಪಕ್ಕ ಹಿಡಿಯಿರಿ. ಒಂದು ತುಂಡಿನ ತುದಿ ಇನ್ನೊಂದರ ಬುಡಕ್ಕೆ ತಾಗಬಾರದು, ಎರಡು ಬೆರಳು ಜಾಗ ಉಳಿಯಬೇಕು. ಅತಿ ದೂರ ಹೋದಾಗಲೂ ಕೊಳವೆಯ ಮೂರನೇ ಒಂದು ಭಾಗ ಒಂದರೊಳಗೊಂದು ಇರಬೇಕು. ಸೀಮೆಸುಣ್ಣದಲ್ಲಿ ಗುರುತು ಮಾಡಿದರೆ ಗೊಂದಲ ಇರಲ್ಲ.

ಉದ್ದ ಆದರೆ ಗರಗಸದಲ್ಲಿ ಎರಡೂ ಕೊಳವೆಯನ್ನು ಒಂದೇ ಅಳತೆಗೆ ಕೊಯ್ಯಬೇಕು, ಮೇಲಿನ ಪ್ಲಾಸ್ಟಿಕ್ ಕವರನ್ನೂ ಅಷ್ಟೇ. ಆಮೇಲೆ ಅರ ಹಾಕಿ ಅಂಚು ನಯ ಮಾಡಿ, ಗ್ರೀಸ್ ಸವರಿ ಜೋಡಿಸಿ.

ಮೈಸೂರು_ನೇಗಿಲು
ಬೇರೆಯವರ ಶಾಫ್ಟ್ ಕೊಯ್ದರೆ ಅವರು ಸುಮ್ಮನಿರ್ತಾರಾ? ಬಾಡಿಗೆಗೆ ತಂದದ್ದು ಅಂತ ಹೇಳಿದ್ದಾರಲ್ಲ.

ಗ್ರೀಸ್‌ಗನ್
ಯಜಮಾನರನ್ನು ಕೇಳದೆ ಕೊಯ್ಯಲೇಬಾರದು. ಇವರ ಟ್ರ್ಯಾಕ್ಟರಿಗೆ ಸರಿ ಮಾಡಿದರೆ ಅವರದಕ್ಕೆ ಗಿಡ್ಡ ಆಗಬಹುದು. ಅಳೆದು ನೋಡಿ, ಸರಿ ಇಲ್ಲದಿದ್ದರೆ ತರಬೇಡಿ.

ಹಳೇ_ಟ್ರ್ಯಾಕ್ಟರ್
ಒಂದು ಸ್ವಂತ ಶಾಫ್ಟ್ ಇಟ್ಟುಕೊಂಡರೆ ಆಯ್ತಲ್ಲ? ಟ್ರ್ಯಾಕ್ಟರಿಗೆ ಸರಿಯಾಗಿದ್ದರೆ ಯಾರ ರೋಟವೇಟರ್ ತಂದರೂ ಆಗುತ್ತೆ.

ರಾಯಚೂರು_ಸ್ಪ್ಯಾನರ್
ಅದು ಪೂರ್ತಿ ಸರಿಯಲ್ಲ ಹಳೇ_ಟ್ರ್ಯಾಕ್ಟರ್ ಅವರೇ. ಸ್ಪ್ಲೈನ್ ಹೊಂದುತ್ತೆ, ನಮ್ಮಲ್ಲಿ ಸಾಮಾನ್ಯವಾಗಿ 35 ಮಿ.ಮೀ ದಪ್ಪದ 6 ಹಲ್ಲಿನದೇ ಇರುವುದು. ಆದರೆ ಉದ್ದ ಟ್ರ್ಯಾಕ್ಟರ್ ಒಂದನ್ನೇ ನೋಡಿ ಹೇಳುವಂಥದ್ದಲ್ಲ. ರೋಟವೇಟರಿನ ಗೇರ್ ಬಾಕ್ಸ್ ಎಷ್ಟು ಹಿಂದಿದೆ, ಲಿಂಕ್ ಎಷ್ಟು ಉದ್ದ ಅನ್ನುವುದೂ ಸೇರುತ್ತೆ. ಸ್ವಂತ ಶಾಫ್ಟ್ ಇದ್ದರೂ ಉಪಕರಣ ಬದಲಾದಾಗಲೆಲ್ಲ ಅಳೆಯಲೇಬೇಕು.

ಇನ್ನೊಂದು ವಿಷಯ ಯಾರೂ ಹೇಳಲಿಲ್ಲ. ಶಾಫ್ಟ್ ಬಿಚ್ಚಿ ಮತ್ತೆ ಜೋಡಿಸುವಾಗ ನಡುವಿನ ಎರಡು ಕವಲುಗಳು ಒಂದೇ ನೇರಕ್ಕೆ ಬರಬೇಕು. ಹಳೇ ಚೌಕ ಕೊಳವೆಯ ಶಾಫ್ಟ್‌ಗಳನ್ನು ಕಾಲು ಸುತ್ತು ತಿರುಗಿಸಿಯೂ ತೂರಿಸಬಹುದು. ಹಾಗೆ ಹಾಕಿದರೆ ನಡುಕ ಶುರುವಾಗುತ್ತೆ. ಶಾಫ್ಟ್ ಬಗ್ಗುವ ಕೀಲಿನ ಕ್ರಾಸ್ ಬೇರಿಂಗ್ ಬೇಗ ಹೋಗುತ್ತೆ. "ಹೊಸ ಕ್ರಾಸ್ ಹಾಕಿಸಿದೆ, ಆದರೂ ನಡುಗುತ್ತೆ" ಅನ್ನುವವರು ಇದನ್ನು ಮೊದಲು ನೋಡಿ.

ಶಿರಾ_ಹೊಲ
ಇದು ನನಗೆ ಗೊತ್ತೇ ಇರಲಿಲ್ಲ. ನಾಳೆ ಬೆಳಿಗ್ಗೆ ಅಳತೆ ಟೇಪ್ ತಗೊಂಡು ಹೋಗ್ತೀನಿ. ಲಾಕ್ ಪಿನ್ ವಿಷಯ ಹೇಳಿ. ಅಂಗಡಿಯಲ್ಲಿ ಯಾವ ಅಳತೆಯದ್ದು ಕೇಳಬೇಕು?

ರಾಯಚೂರು_ಸ್ಪ್ಯಾನರ್
ಲಾಕ್ ಪಿನ್ನಿಗಿಂತ ಮೊದಲು ಅದು ಹೋಗುವ ದೊಡ್ಡ ಪಿನ್ ನೋಡಿ. ಲೋಯರ್ ಲಿಂಕ್ ಪಿನ್ ಎರಡು ಅಳತೆಯಲ್ಲಿ ಬರುತ್ತೆ. ಕೆಟಗರಿ 1 ಅಂದರೆ 22 ಮಿ.ಮೀ, ಕೆಟಗರಿ 2 ಅಂದರೆ 28 ಮಿ.ಮೀ. ಟಾಪ್ ಲಿಂಕ್ ಪಿನ್ 19 ಮತ್ತು 25. ನಿಮ್ಮ ಟ್ರ್ಯಾಕ್ಟರಿನ ಲಿಂಕ್ ಗುಂಡು ದೊಡ್ಡದು, ರೋಟವೇಟರಿನ ಪಿನ್ ಚಿಕ್ಕದು ಆದರೆ ನಡುವೆ ಬುಷ್ ಹಾಕಬೇಕು. ಹಾಗೇ ಹಾಕಿದರೆ ಸಡಿಲವಾಗಿ ಕುಟ್ಟುತ್ತಾ ಪಿನ್ ಸವೆಯುತ್ತೆ, ಕೊನೆಗೆ ಲಾಕ್ ಪಿನ್ ತೂತು ಹರಿದುಹೋಗುತ್ತೆ. ಪಿನ್ ಕೈಯಲ್ಲಿ ಹಿಡಿದು ಆ ತೂತಿನ ಸುತ್ತ ಬೆರಳಾಡಿಸಿ. ಅಂಚು ಚೂಪಾಗಿದ್ದರೆ, ತೂತು ಮೊಟ್ಟೆಯಾಕಾರ ಆಗಿದ್ದರೆ ಆ ಪಿನ್ ಬೇಡ.

ರಿಂಗ್ ಇರುವ ಸ್ಪ್ರಿಂಗ್ ಲಾಕ್ ಪಿನ್ ಕೇಳಿ. ರಿಂಗ್ ತಿರುಗಿಸಿದಾಗ ಟಪ್ ಅಂತ ಬಿಗಿಯಾಗಿ ಕೂರಬೇಕು, ಸಡಿಲ ಇದ್ದರೆ ವಾಪಸ್ ಕೊಡಿ. ಎರಡು ಮೂರು ಜಾಸ್ತಿ ತಂದು ಟೂಲ್ ಬಾಕ್ಸ್‌ನಲ್ಲಿ ಇಟ್ಟಿರಿ.

ಕೃಷ್ಣಾ_ತೀರ
ಮೊಳಿ ಹಾಕಿದ್ದು ನೋಡಿದ್ರ ನನಗ ಸಿಟ್ಟು ಬರ್ತದ. ನಮ್ಮ ಬಾಗಲಕೋಟೆ ಕಡೆ ಕಬ್ಬಿನ ಟ್ರೇಲರ್‌ಗೂ ಇದೇ ಕಥಿ. ಟ್ರ್ಯಾಕ್ಟರ್ ಹಿಂದ ಎರಡೆರಡು ಟ್ರೇಲರ್ ಕಟ್ತಾರ. ಒಂದು ಪಿನ್ ಹಾರಿದರೆ ಹಿಂದಿನ ಟ್ರೇಲರ್ ತನ್ನ ದಾರಿ ತಾನು ನೋಡಿಕೊಳ್ತದ. ಕೊಂಡಿಗೆ ಪಿನ್ ಜೊತೆ ಸೇಫ್ಟಿ ಚೈನ್ ಬೇಕೇ ಬೇಕು. ಹಿಂದೆ ರಿಫ್ಲೆಕ್ಟರ್ ಬೇಕು. ಫ್ಯಾಕ್ಟರಿ ದಾರಿಯೊಳಗ ರಾತ್ರಿ ಲೈಟ್ ಇಲ್ಲದೆ ನಿಂತ ಟ್ರೇಲರಿಗೆ ಬೈಕ್ ಗುದ್ದಿ ಸತ್ತವರು ನಮ್ಮ ಊರಾಗೇ ಇದ್ದಾರ.

ಕೆಂಪುಮಣ್ಣು
ಲಾಕ್ ಪಿನ್ ಒಪ್ಪಿದೆ. ಆದರೆ ಶಾಫ್ಟ್ ಕವರ್ ಬಗ್ಗೆ ಸುಮ್ನೆ ಹೆದರಿಸಬೇಡಿ. ಹೊಸದು ಹಾಕಿದರೂ ಒಂದು ಹಂಗಾಮು ಬರಲ್ಲ, ಬಿಸಿಲಿಗೆ ಒಣಗಿ ಒಡೆಯುತ್ತೆ. ಕವರ್ ಇದ್ದರೆ ಕ್ರಾಸಿಗೆ ಗ್ರೀಸ್ ಹೊಡೆಯೋದೂ ಕಷ್ಟ. ನಮ್ಮ ಅಪ್ಪನ ಕಾಲದಿಂದ ಕವರ್ ಇಲ್ಲದೇ ಓಡಿಸಿದ್ದೇವೆ. ಹುಷಾರಾಗಿ ಇದ್ದರೆ ಏನೂ ಆಗಲ್ಲ.

ಮಲೆನಾಡ_ಅಡಿಕೆ
"ಹುಷಾರಾಗಿ ಇದ್ದರೆ" ಅನ್ನೋ ಮಾತು ಬೇಡ ಅಣ್ಣಾ. ನಮ್ಮ ಚಿಕ್ಕಪ್ಪನಷ್ಟು ಹುಷಾರು ಮನುಷ್ಯ ಊರಲ್ಲಿ ಇರಲಿಲ್ಲ. ಟ್ರ್ಯಾಕ್ಟರ್ ಪಿಟಿಒಗೆ ಪಂಪ್ ಕಟ್ಟಿ ಹೊಂಡದಿಂದ ತೋಟಕ್ಕೆ ನೀರು ಬಿಡುತ್ತಿದ್ದರು. ಶಾಫ್ಟ್ ದಾಟಿ ಆಚೆ ಹೋಗಲು ಕಾಲೆತ್ತಿದರು. ಹೆಗಲ ಮೇಲಿನ ಟವೆಲ್ ಜಾರಿತು. ಅಷ್ಟೇ ನಾನು ನೋಡಿದ್ದು. ಪಕ್ಕದಲ್ಲಿದ್ದವರು ಇಂಜಿನ್ ನಿಲ್ಲಿಸುವುದರೊಳಗೆ ಬಲಗೈ ಮೊಣಕೈಯವರೆಗೆ ಹೋಗಿತ್ತು. ಜೀವ ಉಳಿಯಿತು. ಈಗ ಎಡಗೈಯಲ್ಲಿ ಬರೆಯುತ್ತಾರೆ, ಎಡಗೈಯಲ್ಲೇ ಅಡಿಕೆ ಸುಲಿಯುತ್ತಾರೆ. ಆ ಶಾಫ್ಟಿಗೆ ಕವರ್ ಇರಲಿಲ್ಲ.

ರಾಯಚೂರು_ಸ್ಪ್ಯಾನರ್
ಲೆಕ್ಕ ಹಾಕಿ ನೋಡಿ. ಪಿಟಿಒ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9. ಕ್ರಾಸ್ ಇರುವ ಜಾಗದಲ್ಲಿ ಸುತ್ತಳತೆ 30 ಸೆಂ.ಮೀ ಅಂತ ಇಟ್ಟುಕೊಂಡರೆ, ಬಟ್ಟೆಯ ತುದಿ ಸಿಕ್ಕಿದ ಮೇಲೆ ಸೆಕೆಂಡಿಗೆ 2.7 ಮೀಟರ್ ಸುತ್ತಿಕೊಳ್ಳುತ್ತೆ. ಕೈ ಬಿಡಿಸಿಕೊಳ್ಳಬೇಕು ಅಂತ ಮನಸ್ಸಿಗೆ ಬರುವ ಮುಂಚೆಯೇ ಪೂರ್ತಿ ಟವೆಲ್ ಒಳಗೆ ಹೋಗಿರುತ್ತೆ. ಹುಷಾರು ಅನ್ನುವುದಕ್ಕೆ ಅಲ್ಲಿ ಸಮಯವೇ ಇಲ್ಲ.

ಕವರ್ ಒಡೆಯುವುದಕ್ಕೆ ಬಹಳ ಸಲ ಕಾರಣ ಬಿಸಿಲಲ್ಲ, ಅದರ ಚೈನ್. ಕವರ್ ಜೊತೆ ಎರಡು ಸಣ್ಣ ಚೈನ್ ಬರುತ್ತೆ. ಅದನ್ನು ಟ್ರ್ಯಾಕ್ಟರ್ ಕಡೆ ಒಂದು, ರೋಟವೇಟರ್ ಕಡೆ ಒಂದು ಕೊಕ್ಕೆ ಹಾಕಬೇಕು. ಆಗ ಶಾಫ್ಟ್ ತಿರುಗುತ್ತೆ, ಕವರ್ ನಿಂತಿರುತ್ತೆ. ಚೈನ್ ಹಾಕದಿದ್ದರೆ ಕವರ್ ಕೂಡ ಶಾಫ್ಟ್ ಜೊತೆ ತಿರುಗಿ ಸವೆದು ಒಡೆಯುತ್ತೆ. ಇಂಜಿನ್ ಆಫ್ ಇದ್ದಾಗ ಕವರನ್ನು ಕೈಯಲ್ಲಿ ತಿರುಗಿಸಿ ನೋಡಿ. ಶಾಫ್ಟ್ ಅಲ್ಲಾಡದೆ ಕವರ್ ಮಾತ್ರ ಸಲೀಸಾಗಿ ತಿರುಗಬೇಕು.

ಕೆಂಪುಮಣ್ಣು
ಮಲೆನಾಡ ಅಕ್ಕಾ, ನಿಮ್ಮ ಚಿಕ್ಕಪ್ಪನ ವಿಷಯ ಕೇಳಿ ಬೇಜಾರಾಯ್ತು. ಚೈನ್ ಮಾತು ಹೊಸದು, ನೋಡ್ತೀನಿ. ಗ್ರೀಸ್ ಹೊಡೆಯೋದು ಹೇಗೆ ಹಾಗಾದರೆ?

ಗ್ರೀಸ್‌ಗನ್
ಕವರ್ ತುದಿ ಹಿಂದಕ್ಕೆ ಸರಿಸಿದರೆ ನಿಪ್ಪಲ್ ಕಾಣುತ್ತೆ. ಕೆಲವದರಲ್ಲಿ ಕವರಲ್ಲೇ ತೂತು ಇರುತ್ತೆ. ಎಂಟು ಗಂಟೆ ಕೆಲಸಕ್ಕೊಮ್ಮೆ ಎರಡೂ ಕ್ರಾಸಿಗೆ ಗ್ರೀಸ್, ಜಾರುವ ಕೊಳವೆಗೂ ಗ್ರೀಸ್. ಕೊಳವೆಯನ್ನು ಎಲ್ಲರೂ ಮರೆಯುತ್ತಾರೆ. ಒಣಗಿದ ಕೊಳವೆ ಜಾರಲ್ಲ. ಜಾರದಿದ್ದರೆ ಅಳತೆ ಸರಿ ಇದ್ದರೂ ಉದ್ದ ಶಾಫ್ಟ್ ಹಾಕಿದಷ್ಟೇ ಹಾಳು.

ಶಾಫ್ಟ್ ಹಾಕಿದ ಮೇಲೆ ಒತ್ತುವ ಪಿನ್ ಪೂರ್ತಿ ಹೊರಗೆ ಎದ್ದು ಬರಬೇಕು. ಬಂತು ಅಂತ ಬಿಡಬೇಡಿ. ಎರಡು ಕೈಯಲ್ಲಿ ಹಿಡಿದು ಜೋರಾಗಿ ಹಿಂದಕ್ಕೆ ಎಳೆಯಿರಿ. ಪಿನ್ ಮಣ್ಣು ಕಟ್ಟಿಕೊಂಡಿದ್ದರೆ ಅರ್ಧಕ್ಕೇ ನಿಂತಿರುತ್ತೆ, ನೋಡೋಕೆ ಕೂತಂತೆ ಕಾಣುತ್ತೆ.

ಡ್ರೈವರ್_ಮಂಡ್ಯ
ನಾನು ಡ್ರೈವರ್. ಎಲ್ಲರೂ ಡ್ರೈವರ್‌ಗೆ ಬೈತೀರಾ, ಒಂದು ಮಾತು ಹೇಳ್ತೀನಿ. ಬೆಳಿಗ್ಗೆ ಆರಕ್ಕೆ ಹೊಲಕ್ಕೆ ಬಂದರೆ ಯಜಮಾನರು ಬದುವಿನ ಮೇಲೆ ನಿಂತು "ಇನ್ನೂ ಶುರು ಮಾಡಿಲ್ವಾ" ಅಂತಾರೆ. ಬಾಡಿಗೆ ಗಂಟೆ ಲೆಕ್ಕ. ಮೀಟರ್ ಓಡಿದ ಗಂಟೆಗೆ ದುಡ್ಡು, ನಾನು ಸ್ಪ್ಯಾನರ್ ಹಿಡಿದು ಬಗ್ಗಿದ ಅರ್ಧ ಗಂಟೆಗೆ ಯಾರೂ ಕೊಡಲ್ಲ. ನೋಡಿಕೊಳ್ಳುವ ಹೊತ್ತಿಗೂ ಕೂಲಿ ಕೊಡಿ, ಎಲ್ಲ ಡ್ರೈವರೂ ನೋಡ್ತಾನೆ.

ನಾನು ಯಾರ ಮಾತೂ ಕೇಳದೆ ಮಾಡುವುದು ಇಷ್ಟು. ನಿಂತಿರುವಾಗ ಬ್ಲೇಡಿನ ಒಂದೊಂದು ನಟ್ಟಿಗೂ ಸ್ಪ್ಯಾನರ್ ತಾಗಿಸುತ್ತೇನೆ. ಹೊಸ ಬ್ಲೇಡ್ ಹಾಕಿದ್ದರೆ ಒಂದೆರಡು ಗಂಟೆ ಓಡಿದ ಮೇಲೆ ಮತ್ತೆ ಬಿಗಿ ಮಾಡುತ್ತೇನೆ. ಆಮೇಲೆ ರೋಟರ್ ನೆಲಕ್ಕೆ ತಾಗದಷ್ಟು ಮಾತ್ರ ಎತ್ತಿ, ಸುತ್ತ ಯಾರನ್ನೂ ಬಿಡದೆ, ಕಡಿಮೆ ರೇಸಲ್ಲಿ ಖಾಲಿ ತಿರುಗಿಸಿ ಕಿವಿ ಕೊಡುತ್ತೇನೆ. ಕ್ರಾಸ್ ಹೋಗಿದ್ದರೆ ಟಕ ಟಕ ಅನ್ನುತ್ತೆ. ಬೇರಿಂಗ್ ಹೋಗಿದ್ದರೆ ಗೊರ ಗೊರ. ಚೈನ್ ಡ್ರೈವ್ ಆದರೆ ಪಕ್ಕದ ಡಬ್ಬಿಯಲ್ಲಿ ಚೈನ್ ಬಡಿಯುವ ಸದ್ದು ಬೇರೆಯೇ ಬರುತ್ತೆ.

ಹೊಲದ ಕೊನೆಯಲ್ಲಿ ತಿರುಗಿಸುವಾಗ ಪಿಟಿಒ ಆಫ್ ಮಾಡಿ ಎತ್ತಬೇಕು. ಆನ್ ಇಟ್ಟುಕೊಂಡೇ ಪೂರ್ತಿ ಎತ್ತಿದರೆ ಕ್ರಾಸ್ ಮೂಲೆಗೆ ಬಗ್ಗಿ ಕುಟ್ಟುತ್ತೆ. ಪ್ರತಿ ಸಲ ಆಫ್ ಮಾಡೋಕೆ ಆಗಲ್ಲ ಅನ್ನುವವರು ಹೈಡ್ರಾಲಿಕ್ ಲಿವರ್ ಪಕ್ಕದ ಸ್ಟಾಪರ್ ಬಿಗಿ ಮಾಡಿ, ಬ್ಲೇಡ್ ನೆಲ ಬಿಡುವಷ್ಟು ಮಾತ್ರ ಏಳುವ ಹಾಗೆ ಇಟ್ಟುಕೊಳ್ಳಿ.

ಕೃಷ್ಣಾ_ತೀರ
ಕಿವಿ ಕೊಡಬೇಕು ಅಂದ್ರಿ, ನಿಜ. ಈಗಿನ ಹುಡುಗರು ಮಡ್‌ಗಾರ್ಡ್ ಮ್ಯಾಲ ಎರಡು ದೊಡ್ಡ ಸ್ಪೀಕರ್ ಕಟ್ಟಿರ್ತಾರ. ಹಿಂದ ಗೇರ್ ಬಾಕ್ಸ್ ಒಡೆದರೂ ಕೇಳಂಗಿಲ್ಲ. ಯಾರಾದರೂ "ನಿಲ್ಲಿಸು" ಅಂತ ಕೂಗಿದರೂ ಕೇಳಂಗಿಲ್ಲ. ಹಾಡು ಬೇಕಾದರೆ ಊರಿಗೆ ಬಂದು ಹಾಕ್ಕೊಳ್ರಿ.

ಹಾಸನ_ಆಲೂಗಡ್ಡೆ
ಸ್ಪೀಕರ್ ಬಿಡಿ, ಅದೇ ಮಡ್‌ಗಾರ್ಡ್ ಮೇಲೆ ಮಕ್ಕಳನ್ನು ಕೂರಿಸ್ತಾರಲ್ಲ, ಅದನ್ನು ಮೊದಲು ಬಿಡಿಸಿ. ಮಗು ಜಾರಿದರೆ ಬೀಳುವುದು ಹಿಂದಿನ ಗಾಲಿ ಅಡಿಗೆ, ಆಮೇಲೆ ರೋಟವೇಟರ್. ಅಜ್ಜಿ ತಾತ ಪ್ರೀತಿಗೆ "ಒಂದು ಸುತ್ತು ಕರ್ಕೊಂಡು ಹೋಗು" ಅಂತಾರೆ. ಬೇಡ ಅಂದರೆ ಕೋಪ ಮಾಡ್ಕೊಳ್ತಾರೆ. ಕೋಪ ಮಾಡಿಕೊಂಡರೂ ಪರವಾಗಿಲ್ಲ.

ಮೈಸೂರು_ನೇಗಿಲು
ಕಲ್ಟಿವೇಟರ್ ಆಳಕ್ಕೆ ಇಳಿಯಲ್ಲ ಅಂತ ಮೇಲೆ ಕಲ್ಲು ಹೇರುವುದನ್ನೂ ಸೇರಿಸಿ. ಹಲಗೆ ಹೊಡೆಯುವಾಗ ಮೇಲೆ ಆಳು ನಿಲ್ಲಿಸುತ್ತಾರೆ. ಇದಕ್ಕೆ ಯಾರಾದರೂ ಉತ್ತರ ಹೇಳಿ, ಕಲ್ಲು ಇಡದೆ ನಮ್ಮ ಗಟ್ಟಿ ನೆಲದಲ್ಲಿ ಇಳಿಯಲ್ಲ.

ಗ್ರೀಸ್‌ಗನ್
ಮೊದಲು ಕಲ್ಟಿವೇಟರ್ ಕುಳ ನೋಡಿ. ತುದಿ ಮೊಂಡಾಗಿದ್ದರೆ ಎಷ್ಟು ಕಲ್ಲು ಹೇರಿದರೂ ಇಳಿಯಲ್ಲ. ಕುಳ ತಿರುಗಿಸಿ ಹಾಕಿ, ಇಲ್ಲಾ ಹೊಸದು ಹಾಕಿ. ಆಮೇಲೆ ಟಾಪ್ ಲಿಂಕ್ ಸ್ವಲ್ಪ ಗಿಡ್ಡ ಮಾಡಿ, ಮುಂದಿನ ಕುಳ ನೆಲಕ್ಕೆ ಬಾಗುತ್ತೆ. ಇವೆರಡು ಸರಿ ಮಾಡಿದರೆ ಕಲ್ಲಿನ ಮಾತು ಬರಲ್ಲ.

ಕಲ್ಲು ಎಂದಾದರೂ ಉರುಳುತ್ತೆ. ಆಳು ನಿಲ್ಲಿಸುವುದಂತೂ ಬೇಡವೇ ಬೇಡ. ಹೆಂಟೆಗೆ ಹಲಗೆ ಒಮ್ಮೆ ಎಗರಿದರೆ ಅವನು ಮುಂದಕ್ಕೇ ಬೀಳುವುದು.

ರಾಯಚೂರು_ಸ್ಪ್ಯಾನರ್
ಹಿಂದೆ ಭಾರ ಹೇರಿದರೆ ಇನ್ನೊಂದು ತೊಂದರೆ. ಮುಂದಿನ ಗಾಲಿ ಹಗುರ ಆಗುತ್ತೆ, ಸ್ಟೀರಿಂಗ್ ತಿರುಗಿಸಿದರೂ ಟ್ರ್ಯಾಕ್ಟರ್ ತಿರುಗಲ್ಲ. ಉಪಕರಣ ಎತ್ತಿದಾಗಲೂ ಒಟ್ಟು ಭಾರದಲ್ಲಿ ಕನಿಷ್ಠ ಶೇ 20ರಷ್ಟು ಮುಂದಿನ ಗಾಲಿ ಮೇಲೆ ಇರಬೇಕು. ಕಾಲುವೆ ಏರಿ ಹತ್ತಿಸುವಾಗ ಮೂತಿ ಎದ್ದರೆ ಮುಂದೆ ಭಾರದ ಪ್ಲೇಟ್ ಹಾಕಿಸಬೇಕು ಅಂತ ಅರ್ಥ.

ಕೆಸರಲ್ಲಿ ಹೂತ ಬಂಡಿ ಎಳೆಯಲು ಸರಪಳಿಯನ್ನು ಟಾಪ್ ಲಿಂಕ್ ಜಾಗಕ್ಕೆ ಕಟ್ಟುವವರೂ ಇದ್ದಾರೆ. ಟ್ರ್ಯಾಕ್ಟರ್ ಹಿಂದಕ್ಕೆ ಮಗುಚುವುದು ಹಾಗೆಯೇ. ಎಳೆಯುವುದು ಯಾವತ್ತೂ ಕೆಳಗಿನ ಡ್ರಾಬಾರ್‌ನಿಂದ.

ಮಲೆನಾಡ_ಅಡಿಕೆ
ನಮ್ಮ ಕಡೆ ಟ್ರ್ಯಾಕ್ಟರಿಗಿಂತ ಕಳೆ ಕೊಚ್ಚುವ ಮಿಷನ್ ಜಾಸ್ತಿ. ಅದರ ಬ್ಲೇಡಿಗೂ ಇದೇ ನೋಡುವಿಕೆ ಬೇಕು ಅಲ್ವಾ? ನಮ್ಮ ಕೆಲಸದವರು ಬ್ಲೇಡ್ ತೆಗೆದು ನೈಲಾನ್ ದಾರದ ಹೆಡ್ ಹಾಕ್ತಾರೆ, ಮತ್ತೆ ಬ್ಲೇಡ್ ಹಾಕ್ತಾರೆ. ಗಾರ್ಡ್ ಭಾರ ಅಂತ ಬಿಚ್ಚಿ ಇಟ್ಟುಬಿಡ್ತಾರೆ.

ಕಾಫಿತೋಟ
ಹೌದು ಅಕ್ಕಾ, ಬೇಕು. ನಮ್ಮ ತೋಟದಲ್ಲಿ ಮಳೆಗಾಲ ಪೂರ್ತಿ ಅದೇ ಕೆಲಸ. ಬ್ಲೇಡಿನ ನಟ್ಟು ಬಹುತೇಕ ಮಿಷನ್‌ಗಳಲ್ಲಿ ಉಲ್ಟಾ ಮರೆ (ಥ್ರೆಡ್). ಬಿಚ್ಚಲು ಬಲಕ್ಕೆ, ಬಿಗಿ ಮಾಡಲು ಎಡಕ್ಕೆ. ಇದು ಗೊತ್ತಿಲ್ಲದವರು ಮಾಮೂಲಿ ಅಂದುಕೊಂಡು ಬಲಕ್ಕೆ ತಿರುಗಿಸಿ "ಬಿಗಿ ಆಯ್ತು" ಅಂತಾರೆ, ನಿಜವಾಗಿ ಸಡಿಲ ಮಾಡಿರುತ್ತಾರೆ. ಬಿಗಿ ಮಾಡಿದ ಮೇಲೆ ಬ್ಲೇಡ್ ಕೈಯಲ್ಲಿ ಅಲ್ಲಾಡಿಸಿ ನೋಡಬೇಕು, ಮಿಷನ್ ಆಫ್ ಇರುವಾಗ.

ಬ್ಲೇಡನ್ನು ತೊಳೆದು ಬೆಳಕಿಗೆ ಹಿಡಿಯಿರಿ. ನಡುವಿನ ತೂತಿನ ಸುತ್ತ ಕೂದಲಿನಂಥ ಬಿರುಕು ಕಂಡರೆ ಎಸೆಯಿರಿ. ಬೆಸುಗೆ ಹಾಕಿಸುವುದು ಬೇಡ. ಕಲ್ಲಿಗೆ ಬಡಿದ ಬ್ಲೇಡನ್ನಂತೂ ಆ ಕ್ಷಣವೇ ನಿಲ್ಲಿಸಿ ನೋಡಬೇಕು. ಗಾರ್ಡ್ ಇಲ್ಲದೆ ನಾವು ಮಿಷನ್ ಕೈಗೆ ಕೊಡುವುದೇ ಇಲ್ಲ. 15 ಮೀಟರ್ ಒಳಗೆ ಇನ್ನೊಬ್ಬರು ಇರಬಾರದು ಅಂತ ಮಿಷನ್ ಜೊತೆ ಬರುವ ಪುಸ್ತಕದಲ್ಲೇ ಬರೆದಿರುತ್ತೆ. ಕಣ್ಣಿಗೆ ಕನ್ನಡಕ, ಕಾಲಿಗೆ ಗಟ್ಟಿ ಬೂಟು. ಚಪ್ಪಲಿಯಲ್ಲಿ ಕಳೆ ಹೊಡೆಯುವುದನ್ನು ನೋಡಿದರೆ ನನ್ನ ಕಾಲು ನಡುಗುತ್ತೆ.

ತುಮಕೂರು_ರಾಗಿ
ಒಕ್ಕಣೆ ಮಿಷನ್ ಯಾರೂ ಹೇಳಲಿಲ್ಲ. ಕಟ್ಟು ಬಿಚ್ಚಿ ಕೊಡುವವರು ಬಹಳಷ್ಟು ಹೆಂಗಸರೇ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೇಲೊಂದು ಅಂಗಿ ಹಾಕಿಸಿ. ಬೆಲ್ಟ್ ಮೇಲೆ ಜಾಲರಿ ಇದೆಯಾ ನೋಡಿ. ತೆನೆ ತೂರಿಸುವ ತೊಟ್ಟಿ ಉದ್ದ ಇರಬೇಕು, ಮೇಲೆ ಅರ್ಧ ಮುಚ್ಚಿರಬೇಕು, ಕೈ ಡ್ರಮ್ಮಿನವರೆಗೆ ಹೋಗಲೇಬಾರದು. ಕೈಕಾಲು ಕಳೆದುಕೊಂಡವರು ದೇಶದಲ್ಲಿ ಅಷ್ಟು ಜನ ಇದ್ದದ್ದಕ್ಕೇ 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆ ಬಂದದ್ದು. ಆದರೂ ತೊಟ್ಟಿ ಗಿಡ್ಡ ಮಾಡಿಸಿಕೊಳ್ಳುವವರನ್ನು ಈಗಲೂ ನೋಡ್ತೀನಿ. "ಬೇಗ ತುಂಬುತ್ತೆ" ಅಂತ ಕಾರಣ.

ಮೈಸೂರು_ನೇಗಿಲು
ಮತ್ತೆ ರೋಟವೇಟರಿಗೆ ಬರೋಣ. ರೋಟರಿಗೆ ಸುತ್ತಿದ ಸೀರೆ, ಪೈಪು ತೆಗೆಯಬೇಕಲ್ಲ, ಹೇಗೆ ತೆಗೀತೀರಿ? ನಮ್ಮಲ್ಲಿ ಹೈಡ್ರಾಲಿಕ್‌ನಲ್ಲಿ ಎತ್ತಿ ನಿಲ್ಲಿಸಿ ಕೆಳಗೆ ತೂರಿ ಕುಡುಗೋಲಲ್ಲಿ ಕೊಯ್ತಾರೆ.

ಗ್ರೀಸ್‌ಗನ್
ದಯವಿಟ್ಟು ಹಾಗೆ ತೂರಬೇಡಿ. ಇಂಜಿನ್ ಆಫ್ ಇದ್ದರೂ ಹೈಡ್ರಾಲಿಕ್ ಲಿವರನ್ನು ಯಾರಾದರೂ ಮುಟ್ಟಿದರೆ ರೋಟವೇಟರ್ ನೇರ ಕೆಳಗೆ ಬರುತ್ತೆ. ಯಾರೂ ಮುಟ್ಟದಿದ್ದರೂ ಸೀಲ್ ಸವೆದಿದ್ದರೆ ನಿಧಾನಕ್ಕೆ ಇಳಿಯುತ್ತಾ ಇರುತ್ತೆ. ನಾಲ್ಕೈದು ಕ್ವಿಂಟಾಲ್ ಕಬ್ಬಿಣ ಅದು. ಎತ್ತಿ, ಎರಡೂ ಬದಿಯ ಫ್ರೇಮ್ ಕೆಳಗೆ ದಪ್ಪ ಮರದ ದಿಮ್ಮಿ ಕೊಟ್ಟು, ಅದರ ಮೇಲೆ ಭಾರ ಕೂರಿಸಿ. ಸಿಮೆಂಟ್ ಇಟ್ಟಿಗೆ ಬೇಡ, ಒಮ್ಮೆಲೇ ಪುಡಿ ಆಗುತ್ತೆ. ಆಮೇಲೆ ಇಂಜಿನ್ ಆಫ್, ಕೀ ಜೇಬಿಗೆ, ಕೈಗೆ ಗ್ಲೌಸ್.

ಸುತ್ತಿದ್ದನ್ನು ತೆಗೆಯಲೇಬೇಕು. ಅದು ಉಜ್ಜಿ ಉಜ್ಜಿ ತುದಿಯ ಆಯಿಲ್ ಸೀಲ್ ಕತ್ತರಿಸುತ್ತೆ. ಸೀಲ್ ಹೋದರೆ ಎಣ್ಣೆ ಹೊರಗೆ, ಮಣ್ಣು ಒಳಗೆ, ಬೇರಿಂಗ್ ಮುಗೀತು. ತುದಿಯಲ್ಲಿ ಮಣ್ಣು ಎಣ್ಣೆಯಾಗಿ ಕಪ್ಪಾಗಿದ್ದರೆ ಸೀಲ್ ಆಗಲೇ ಹೋಗಿದೆ ಅಂತ ತಿಳೀರಿ. ಗೇರ್ ಬಾಕ್ಸ್ ಎಣ್ಣೆ ಮಟ್ಟವೂ ನೋಡಿ. ಪುಸ್ತಕದಲ್ಲಿ ಎಣ್ಣೆ ನಂಬರ್ 90 ಅಂದಿದ್ದರೆ 90, 140 ಅಂದಿದ್ದರೆ 140. ಎಣ್ಣೆ ಹಾಲಿನ ಬಣ್ಣ ಆಗಿದ್ದರೆ ನೀರು ಸೇರಿದೆ. ಮಳೆಯಲ್ಲಿ ನಿಂತ ರೋಟವೇಟರ್ ಅಲ್ವಾ, ಅದೂ ಇರಬಹುದು.

ಬ್ಲೇಡ್ ಬದಲಿಸುವುದಾದರೆ ಎದುರುಬದುರಿನ ಎರಡನ್ನೂ ಬದಲಿಸಿ. ಎಡದ್ದು ಬಲಕ್ಕೆ ಹಾಕಬೇಡಿ. ಮುರಿದ ಬ್ಲೇಡಿಗೆ ಬೆಸುಗೆ ಹಾಕಿದರೆ ಕಾದ ಜಾಗ ತನ್ನ ಗಟ್ಟಿತನ ಕಳೆದುಕೊಳ್ಳುತ್ತೆ, ಮುಂದಿನ ಕಲ್ಲಿಗೆ ತುಂಡಾಗಿ ಹಾರುತ್ತೆ. ಹಿಂದಿನ ತಗಡಿನ ಫ್ಲಾಪ್ ಇಳಿಸಿಯೇ ಓಡಿಸಬೇಕು, ಹಾರುವ ಕಲ್ಲು ಅದಕ್ಕೇ ಬಡಿಯುವುದು.

ಕಾಫಿತೋಟ
ಹೈಡ್ರಾಲಿಕ್ ಪೈಪಿನಲ್ಲಿ ಎಣ್ಣೆ ಎಲ್ಲಿ ಸೋರುತ್ತಿದೆ ಅಂತ ಕೈಯಾಡಿಸಿ ಹುಡುಕುವವರಿಗೂ ಒಂದು ಮಾತು. ಬೇಡ. ಒಳಗೆ 150 ಬಾರ್ ಆಸುಪಾಸು ಒತ್ತಡ ಇರುತ್ತೆ. ಸೂಜಿ ಮೊನೆಯಷ್ಟು ತೂತಿನಿಂದ ಬರುವ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತೆ. ಸಣ್ಣ ಚುಕ್ಕಿ ಥರ ಕಾಣುತ್ತೆ, ನೋವೂ ಅಷ್ಟು ಇರಲ್ಲ. ನಾಳೆ ನೋಡೋಣ ಅಂತ ಮಲಗಿದರೆ ಬೆರಳೇ ಹೋಗಬಹುದು. ಅವತ್ತೇ ಆಪರೇಷನ್ ಇರುವ ಆಸ್ಪತ್ರೆಗೆ ಹೋಗಿ "ಹೈಡ್ರಾಲಿಕ್ ಎಣ್ಣೆ ಒಳಗೆ ಹೋಗಿದೆ" ಅಂತ ಬಾಯಿ ಬಿಟ್ಟು ಹೇಳಬೇಕು. ಸೋರಿಕೆ ಹುಡುಕಲು ರಟ್ಟಿನ ತುಂಡು ಹಿಡಿಯಿರಿ, ಎಣ್ಣೆ ಅದರ ಮೇಲೆ ಬೀಳುತ್ತೆ.

ಹಾಸನ_ಆಲೂಗಡ್ಡೆ
ಖರ್ಚು ಯಾರದ್ದು ಅಂತ ಶಿರಾ ಅವರು ಕೇಳಿದ್ದಕ್ಕೆ ಯಾರೂ ಉತ್ತರಿಸಲಿಲ್ಲ. ತರುವ ಮುಂಚೆ ಯಜಮಾನರ ಎದುರೇ ಮೊಬೈಲಲ್ಲಿ ವಿಡಿಯೊ ಮಾಡಿ. ಬ್ಲೇಡ್ ಎಷ್ಟಿವೆ, ಕವರ್ ಎಲ್ಲಿ ಒಡೆದಿದೆ, ಎಣ್ಣೆ ಎಷ್ಟಿದೆ, ಎಲ್ಲ ಬಾಯಲ್ಲಿ ಹೇಳುತ್ತಾ ಮಾಡಿ. ವಾಪಸ್ ಕೊಡುವಾಗ ಇನ್ನೊಂದು. ನಮ್ಮ ಕಡೆ ಒಬ್ಬರು ಮೊದಲೇ ಸೋರುತ್ತಿದ್ದ ಗೇರ್ ಬಾಕ್ಸಿಗೆ ನನ್ನ ಹತ್ತಿರ ದುಡ್ಡು ಕೇಳಿದರು. ವಿಡಿಯೊ ತೋರಿಸಿದ ಮೇಲೆ ಸುಮ್ಮನಾದರು.

ಬ್ಲೇಡ್, ಶಿಯರ್ ಬೋಲ್ಟ್ ಸವೆಯುವ ಸಾಮಾನು, ಅದು ತಂದವರದ್ದು. ಗೇರ್ ಬಾಕ್ಸ್, ಬೇರಿಂಗ್ ಮಾಲೀಕರದ್ದು. ನಮ್ಮಲ್ಲಿ ಹೀಗೆ ಮೊದಲೇ ಮಾತಾಡಿಕೊಳ್ಳುತ್ತೇವೆ.

ಡ್ರೈವರ್_ಮಂಡ್ಯ
ಬೇರಿಂಗ್ ಮಾಲೀಕರದ್ದು ಅಂತ ಹೇಗೆ ಹೇಳ್ತೀರಿ? ತಂದವನು ಗ್ರೀಸ್ ಹೊಡೆಯದೆ ಎರಡು ದಿನ ಓಡಿಸಿದರೆ?

ಹಾಸನ_ಆಲೂಗಡ್ಡೆ
ಅದಕ್ಕೇ ವಿಡಿಯೊದಲ್ಲಿ ಗ್ರೀಸ್ ಹೊಡೆದದ್ದೂ ಇರಲಿ ಅನ್ನೋದು.

ರಾಯಚೂರು_ಸ್ಪ್ಯಾನರ್
ಪಾವಗಡ, ಬಳ್ಳಾರಿ ಕಡೆಯವರಿಗೆ ಒಂದು ಮಾಹಿತಿ. ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರಗಳ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಇದೆ. ದಕ್ಷಿಣದ ರಾಜ್ಯಗಳ ರೈತರಿಗೆ, ಡ್ರೈವರ್‌ಗಳಿಗೆ ಯಂತ್ರ ಬಿಚ್ಚಿ ಜೋಡಿಸುವುದನ್ನು ಕಲಿಸುತ್ತಾರೆ. ಊರಿನಿಂದ ಒಬ್ಬ ಹುಡುಗನನ್ನು ಕಳಿಸಿದರೂ ಸಾಕು, ಬಂದು ಉಳಿದವರಿಗೆ ಹೇಳಿಕೊಡ್ತಾನೆ.

ಶಿರಾ_ಹೊಲ
ಎಲ್ಲರಿಗೂ ಧನ್ಯವಾದ. ಇವತ್ತು ಡ್ರೈವರನ್ನೂ ಕರೆದುಕೊಂಡು ಹೋಗಿ ಅಳೆದೆವು. ಶಾಫ್ಟ್ ನಮ್ಮ ಟ್ರ್ಯಾಕ್ಟರಿಗೆ ಉದ್ದ. ಅತಿ ಹತ್ತಿರ ಬಂದಾಗ ಬುಡಕ್ಕೇ ಕೂರುತ್ತಿತ್ತು. ಗ್ರೀಸ್‌ಗನ್ ಅವರು ಹೇಳಿದ ಹಾಗೆ ಪಕ್ಕಪಕ್ಕ ಹಿಡಿದು ತೋರಿಸಿದ ಮೇಲೆ ಯಜಮಾನರೂ ಒಪ್ಪಿದರು, ಡ್ರೈವರೂ ಒಪ್ಪಿದ. ಅವರ ಕೊಟ್ಟಿಗೆಯಲ್ಲಿ ಇನ್ನೊಂದು ಗಿಡ್ಡ ಶಾಫ್ಟ್ ಇತ್ತು, ಕವರ್ ಪೂರ್ತಿ ಇರುವುದು. ಅದು ಸರಿಹೋಯ್ತು. ಲಾಕ್ ಪಿನ್ ಹೊಸದು. ಎಣ್ಣೆ ಕಡಿಮೆ ಇತ್ತು, ಹಾಕಿಸಿದ್ದೇವೆ. ಡ್ರೈವರಿಗೆ ಈ ಹೊತ್ತಿನ ಕೂಲಿಯನ್ನೂ ಸೇರಿಸಿ ಕೊಡುತ್ತಿದ್ದೇನೆ, ಮಂಡ್ಯದವರ ಮಾತು ನ್ಯಾಯ ಅನ್ನಿಸಿತು.

ಒಂದೇ ಅನುಮಾನ. ಆ ಗಿಡ್ಡ ಶಾಫ್ಟಿನಲ್ಲಿ ಶಿಯರ್ ಬೋಲ್ಟ್ ಜಾಗಕ್ಕೆ ತಲೆ ಮೇಲೆ 10.9 ಅಂತ ಬರೆದ ಬೋಲ್ಟ್ ಇದೆ. ಗಟ್ಟಿ ಇದ್ದರೆ ಒಳ್ಳೆಯದೇ ಅಲ್ವಾ?

ಗ್ರೀಸ್‌ಗನ್
ಅಲ್ಲ. ಶಿಯರ್ ಬೋಲ್ಟ್ ಇರುವುದೇ ಮುರಿಯಲು. ಬೇರಿಗೋ ಬಂಡೆಗೋ ರೋಟರ್ ಸಿಕ್ಕಿಕೊಂಡಾಗ ಬೋಲ್ಟ್ ತುಂಡಾಗಿ ಗೇರ್ ಬಾಕ್ಸ್ ಉಳಿಯಬೇಕು. 10.9 ಬಹಳ ಗಟ್ಟಿ ಬೋಲ್ಟ್, ಅದು ಮುರಿಯಲ್ಲ, ಅದರ ಬದಲು ಗೇರಿನ ಹಲ್ಲು ಮುರಿಯುತ್ತೆ. ರೋಟವೇಟರ್ ಪುಸ್ತಕದಲ್ಲಿ ಯಾವ ಅಳತೆ, ಯಾವ ನಂಬರ್ ಅಂತ ಇರುತ್ತೆ, ಅದನ್ನೇ ಹಾಕಿ. ಪುಸ್ತಕ ಇಲ್ಲದಿದ್ದರೆ ಆ ಕಂಪನಿಯ ಡೀಲರ್ ಹತ್ತಿರ ಮಾಡೆಲ್ ಪ್ಲೇಟಿನ ಫೋಟೊ ತೋರಿಸಿ ಕೇಳಿ. ನಾಲ್ಕು ಜಾಸ್ತಿ ತಂದಿಟ್ಟುಕೊಳ್ಳಿ, ನಿಮ್ಮ ಹೊಲದಲ್ಲಿ ಕಲ್ಲು ಇದ್ದರೆ ಬೇಕಾಗುತ್ತೆ.

ಕೆಂಪುಮಣ್ಣು
ಗ್ರೀಸ್‌ಗನ್ ಅವರೇ, ಭಾರ ಜಾಸ್ತಿಯಾದಾಗ ಜಾರುವ ಸ್ಲಿಪ್ ಕ್ಲಚ್ ಇರುವ ಶಾಫ್ಟಿಗೂ ಈ ಬೋಲ್ಟ್ ಬೇಕಾ? ನನ್ನದು ಅದೇ ಇರುವುದು. ಚೈನ್ ಕೊಕ್ಕೆ ಹಾಕಿದ ಹೊಸ ಕವರ್ ಕೂಡ ನಾಳೆ ತರ್ತೀನಿ.

ಗ್ರೀಸ್‌ಗನ್
ಬೇಡ, ಕ್ಲಚ್ಚೇ ಆ ಕೆಲಸ ಮಾಡುತ್ತೆ. ಆದರೆ ಒಂದು ಹಂಗಾಮು ನಿಂತಿದ್ದರೆ ಅದರ ಪ್ಲೇಟ್ ತುಕ್ಕಿಗೆ ಅಂಟಿಕೊಂಡಿರುತ್ತೆ. ಸ್ಪ್ರಿಂಗ್ ಬೋಲ್ಟ್ ಈಗ ಎಷ್ಟಕ್ಕೆ ಬಿಗಿ ಇದೆ ಅಳೆದು ಬರೆದಿಟ್ಟುಕೊಂಡು, ಸಡಿಲ ಮಾಡಿ, ಒಮ್ಮೆ ಜಾರಿಸಿ, ಮತ್ತೆ ಅದೇ ಅಳತೆಗೆ ಬಿಗಿ ಮಾಡಿ. ಅಂಗಡಿಗೆ ತಂದರೆ ತೋರಿಸಿಕೊಡ್ತೀನಿ.